ಹಾಕಿ ಹುಚ್ಚಿನ ಊರಿನ ಕಾದಂಬರಿ: ಕೊಡಗಿನಲ್ಲಿ ಒಟ್ಟಿಗೆ ಓದಿ ಮಾತಾಡೋದು ಹೇಗೆ?

ಸ್ವೀಡನ್ನಿನ ಫ್ರೆಡ್ರಿಕ್ ಬಾಕ್‌ಮನ್ ಬರೆದ 'ಬೇರ್‌ಟೌನ್' ಕಾದಂಬರಿಯನ್ನು ಕೊಡಗಿನಲ್ಲಿ ಯಾರಿಗೇ ಕೊಡಿ, ಐವತ್ತು ಪುಟ ದಾಟುವ ಮೊದಲೇ "ಇದು ನಮ್ಮೂರೇ ಅಲ್ವಾ" ಅನ್ನುತ್ತಾರೆ. ಸುತ್ತ ಕಾಡು, ನಡುವೆ ಸಣ್ಣ ಊರು, ಆ ಊರಿಗೆ ಹಾಕಿ ಬಿಟ್ಟರೆ ಬೇರೆ ಮಾತಿಲ್ಲ. ಏಪ್ರಿಲ್ ಬಂತೆಂದರೆ, ಕೊಡವ ಮನೆತನಗಳು ತಂಡ ಕಟ್ಟಿ ಆಡುವ ಕುಟುಂಬ ಹಾಕಿಯಲ್ಲಿ ನಮ್ಮ ಮನೆಯ ಮ್ಯಾಚ್ ಯಾವತ್ತು ಅಂತ ಪಟ್ಟಿ ಹುಡುಕುವ ನಮಗೆ ಹಾಗನ್ನಿಸುವುದು ಸಹಜವೇ. ಆದರೆ ಮಾತು ಅಲ್ಲಿಗೇ ನಿಂತರೆ ಅರ್ಧ ಪುಸ್ತಕ ಕೈತಪ್ಪುತ್ತದೆ. ಹಾಕಿ ಆಡಿದವರು ಹಾಕಿಯ ಬಗ್ಗೆ ಮಾತಾಡಿ ಎದ್ದು ಹೋಗುತ್ತಾರೆ. ಮಿಕ್ಕವರು ಕಾಫಿ ಕುಡಿದು ಸುಮ್ನೆ ಕೂತಿರುತ್ತಾರೆ. ಈ ಕಾದಂಬರಿ ಇರುವುದೇ ಹಾಗೆ ಸುಮ್ಮನೆ ಕೂತವರ ಬಗ್ಗೆ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಎಂಟು ಹತ್ತು ಜನ ಸೇರಿ ಈ ಪುಸ್ತಕ ಓದಿ, ಪ್ರತಿಯೊಬ್ಬರ ನಿಜವಾದ ಅಭಿಪ್ರಾಯ ಹೊರಗೆ ಬರುವಂತೆ ಕೂತು ಮಾತಾಡಬೇಕು ಅಂದರೆ ಏನೇನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು ಅನ್ನುವುದು ಇಲ್ಲಿದೆ. ಕಥೆಯ ನಡುಭಾಗದ ಮುಖ್ಯ ಘಟನೆಯನ್ನು ಹೇಳಲೇಬೇಕಾಗಿದೆ, ಅದಿಲ್ಲದೆ ತಯಾರಿ ಆಗುವುದಿಲ್ಲ. ಕೊನೆ ಏನಾಗುತ್ತದೆ ಅಂತ ಹೇಳುವುದಿಲ್ಲ.

ಮೊದಲು ಪುಸ್ತಕದ ಪರಿಚಯ

ಕಾದಂಬರಿ ಸ್ವೀಡಿಷ್ ಭಾಷೆಯಲ್ಲಿ 2016ರಲ್ಲಿ ಬಂತು. ನೀಲ್ ಸ್ಮಿತ್ ಮಾಡಿದ ಇಂಗ್ಲಿಷ್ ಅನುವಾದ 2017ರಲ್ಲಿ. 400 ಪುಟ ದಾಟುತ್ತದೆ, ಆದರೆ ಅಧ್ಯಾಯಗಳು ಚಿಕ್ಕವು, ಇಂಗ್ಲಿಷೂ ಸುಲಭ. ಇದಾದ ಮೇಲೆ ಅದೇ ಊರಿನ ಕಥೆಯ ಇನ್ನೆರಡು ಭಾಗ ಬಂದಿವೆ. ಟಿವಿ ಸೀರೀಸ್ ಕೂಡ ಇದೆ. ಅದನ್ನು ನೋಡಿದವರು ಗುಂಪಿನಲ್ಲಿದ್ದರೆ, ಪುಸ್ತಕ ಮುಗಿಯುವ ತನಕ ಅದರ ಮಾತು ಎತ್ತಬೇಡಿ ಅಂತ ಮೊದಲ ದಿನವೇ ಕೇಳಿಕೊಳ್ಳಿ.

ಕಥೆ ಇಷ್ಟು. ಊರು ಸೊರಗುತ್ತಿದೆ. ಕಾರ್ಖಾನೆಯಲ್ಲಿ ಕೆಲಸ ಕಡಿಮೆಯಾಗುತ್ತಿದೆ, ಜನ ಊರು ಬಿಡುತ್ತಿದ್ದಾರೆ. ಊರಿನ ಜೂನಿಯರ್ ಐಸ್ ಹಾಕಿ ತಂಡ ಸೆಮಿಫೈನಲ್‌ಗೆ ಬಂದಿದೆ. ಗೆದ್ದರೆ ಹಾಕಿ ಶಾಲೆ ನಮ್ಮೂರಿಗೇ ಬರಬಹುದು, ಅದರ ಜೊತೆಗೆ ದುಡ್ಡು, ಕೆಲಸ, ಅಂಗಡಿಗಳು ಬರಬಹುದು ಅಂತ ಊರಿನ ದೊಡ್ಡವರ ಲೆಕ್ಕ. ಹದಿನೇಳರ ಹುಡುಗರ ಬೆನ್ನ ಮೇಲೆ ಇಡೀ ಊರಿನ ಭವಿಷ್ಯ. ಸೆಮಿಫೈನಲ್ ಗೆದ್ದ ರಾತ್ರಿಯ ಪಾರ್ಟಿಯಲ್ಲಿ ತಂಡದ ಸ್ಟಾರ್ ಆಟಗಾರ ಕೆವಿನ್, ಕ್ಲಬ್ ಮ್ಯಾನೇಜರ್ ಪೀಟರ್ ಅವರ ಹದಿನೈದು ವರ್ಷದ ಮಗಳು ಮಾಯಾ ಮೇಲೆ ಅತ್ಯಾಚಾರ ಮಾಡುತ್ತಾನೆ. ಅಲ್ಲಿಂದ ಮುಂದೆ ಊರು ಯಾರ ಪಕ್ಕ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ ಅನ್ನುವುದೇ ಮಿಕ್ಕ ಪುಸ್ತಕ.

ಯಾವಾಗ, ಎಲ್ಲಿ

ಕೊಡಗಿನಲ್ಲಿ ಓದುವ ಗುಂಪಿಗೆ ಮಳೆಗಾಲಕ್ಕಿಂತ ಒಳ್ಳೆ ಕಾಲ ಇಲ್ಲ. ಏಪ್ರಿಲ್-ಮೇ ಹಾಕಿ ಮತ್ತು ಮದುವೆಗಳಿಗೆ ಹೋಗುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿ ತನಕ ಕಾಫಿ ಕುಯ್ಲು, ತೋಟ ಇದ್ದವರು ಯಾರೂ ಕೈಗೆ ಸಿಗುವುದಿಲ್ಲ. ಜೂನ್ ಕೊನೆಯಿಂದ, ಸೆಪ್ಟೆಂಬರ್ ಶುರುವಿಗೆ ಬರುವ ಕೈಲ್‌ಪೊಳ್ದ್ ಹಬ್ಬದ ತನಕದ ಸಮಯ ಹಿಡಿದುಕೊಳ್ಳಿ. ನಾಟಿ ಕೆಲಸ ಇರುವ ಮನೆಯವರನ್ನು ಮೊದಲೇ ಕೇಳಿ ದಿನ ಗೊತ್ತುಮಾಡಿ.

ಭಾನುವಾರ ಮಧ್ಯಾಹ್ನ ಊಟ ಆದಮೇಲೆ ಕೂತು, ಬೆಳಕಿರುವಾಗಲೇ ಮುಗಿಸಿ. ಜೋರು ಮಳೆಯಲ್ಲಿ ಕರೆಂಟ್ ಇರುತ್ತದೆ ಅಂತ ನಂಬಬೇಡಿ, ಮರ ಬಿದ್ದು ರಸ್ತೆ ಕಟ್ಟಾಗುವುದೂ ಉಂಟು. ಹಾಗಾಗಿ ಎಲ್ಲರಿಗೂ ಹತ್ತಿರವಾಗುವ ಜಾಗ ನೋಡಿ. ಪಂಚಾಯಿತಿ ಗ್ರಂಥಾಲಯದ ಕೋಣೆ, ಶಾಲೆಯ ಒಂದು ಕೊಠಡಿ, ಯಾರದಾದರೂ ಮನೆಯ ಜಗಲಿ, ಯಾವುದಾದರೂ ಆಗುತ್ತದೆ. ಒಂದು ಮಾತು ಮಾತ್ರ ನೆನಪಿಡಿ: ಹಾಕಿ ಕ್ಲಬ್ಬಿನ ಕಟ್ಟಡ, ಕಪ್‌ಗಳು ಸಾಲಾಗಿ ಇಟ್ಟ ಹಾಲ್ ಬೇಡ. ಗೋಡೆ ತುಂಬ ಟೀಮ್ ಫೋಟೋ ಇರುವ ಜಾಗದಲ್ಲಿ ಕೂತು "ಆಟಕ್ಕೆ ನಾವು ಕೊಟ್ಟ ಬೆಲೆ ಜಾಸ್ತಿ ಆಯ್ತಾ" ಅಂತ ಕೇಳಿದರೆ ಯಾರ ಬಾಯಿಂದಲೂ ಉತ್ತರ ಬರುವುದಿಲ್ಲ.

ಮೂರು ಸಲ ಕೂರುವ ಹಾಗೆ ಯೋಜನೆ ಮಾಡಿ. ಮೊದಲ ಸಲಕ್ಕೆ ಸೆಮಿಫೈನಲ್ ತನಕ. ಎರಡನೇ ಸಲಕ್ಕೆ ಪಾರ್ಟಿಯ ರಾತ್ರಿ, ಅದರ ಮರುವಾರ. ಮೂರನೆಯದಕ್ಕೆ ಉಳಿದದ್ದು. ನಡುವೆ ಎರಡು ವಾರ ಬಿಡಿ. ಒಂದೇ ದಿನ ಇಡೀ ಪುಸ್ತಕ ಮಾತಾಡಿದರೆ ಎಲ್ಲರೂ ಕೊನೆಯ ಘಟನೆಯನ್ನೇ ಹಿಡಿದು ಕೂರುತ್ತಾರೆ, ಶುರುವಿನಲ್ಲಿ ಈ ಊರನ್ನು ತಾವೂ ಎಷ್ಟು ಪ್ರೀತಿಸಿದ್ದೆವು ಅನ್ನುವುದು ಮರೆತೇ ಹೋಗಿರುತ್ತದೆ. ಆ ಪ್ರೀತಿ ನೆನಪಿದ್ದರೇ ಮುಂದಿನದು ನೋಯಿಸುವುದು.

ಯಾರನ್ನು ಕರೆಯಬೇಕು

ಇಡೀ ಕೆಲಸದಲ್ಲಿ ಇದೇ ಮುಖ್ಯವಾದ ಹೆಜ್ಜೆ, ಇಲ್ಲಿ ಅವಸರ ಬೇಡ.

ಹಾಕಿ ಆಡಿದವರು ಇರಲಿ, ಖಂಡಿತ ಇರಲಿ. ಒಲಿಂಪಿಕ್ಸ್‌ಗೆ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಅಂಥವರನ್ನು ಕಳಿಸಿದ ನೆಲ ಇದು. ಸೋಮವಾರಪೇಟೆಯ ಎಸ್.ವಿ. ಸುನಿಲ್ ಆಟವನ್ನು ಟಿವಿಯಲ್ಲಿ ನೋಡಿ ಬೆಳೆದ ಹುಡುಗರು ಈಗ ತಾವೇ ಮಕ್ಕಳಿಗೆ ಸ್ಟಿಕ್ ಹಿಡಿಸುತ್ತಿದ್ದಾರೆ. ಬೆಳಿಗ್ಗೆ ಐದಕ್ಕೆ ಎದ್ದು ಮಂಜಿನಲ್ಲಿ ಓಡುವುದು ಏನು, ಮಂಡಿ ಒಡೆದರೂ ಆಡುವುದು ಏನು, ತಂಡದಿಂದ ಹೆಸರು ಬಿಟ್ಟುಹೋದ ದಿನ ಏನು ಅಂತ ಅವರು ಹೇಳುವುದನ್ನು ಬೇರೆ ಯಾರೂ ಹೇಳಲಾರರು. ಆದರೆ ಗುಂಪಿನ ಅರ್ಧಕ್ಕಿಂತ ಜಾಸ್ತಿ ಅವರೇ ಆಗಬಾರದು.

ಮಿಕ್ಕ ಅರ್ಧಕ್ಕೆ ಯಾರನ್ನು ಹುಡುಕಬೇಕು? ಆಡುವ ಮಕ್ಕಳ ಅಮ್ಮಂದಿರು. ಆಟವೇ ಬೇಡ ಅನ್ನಿಸಿದವರು. ಸೆಲೆಕ್ಷನ್‌ನಲ್ಲಿ ಉಳಿಯದೆ ಬಿಟ್ಟವರು. ಮದುವೆಯಾಗಿ ಬೇರೆ ಜಿಲ್ಲೆಯಿಂದ ಬಂದು ಈ ಹಾಕಿ ಮಾತು ಕೇಳಿ ಕೇಳಿ ಅಭ್ಯಾಸವಾದವರು. ಶಾಲೆಯ ಪಿಟಿ ಮೇಷ್ಟ್ರು ಅಥವಾ ಟೀಚರ್ ಒಬ್ಬರು. ಬೇರೆ ಬೇರೆ ಸಮುದಾಯದವರು ಇರಲೇಬೇಕು. ಕೊಡಗು ಅಂದರೆ ಕೊಡವರು ಮಾತ್ರ ಅಲ್ವಲ್ಲ, ಅರೆಭಾಷೆ ಗೌಡರ ಮನೆಗಳಲ್ಲಿ ಕುಟುಂಬ ಕ್ರಿಕೆಟ್‌ಗೆ ಅಷ್ಟೇ ಕಾವು ಇದೆ, ಮಲಯಾಳ ಮಾತಾಡುವವರು, ತುಳುವರು, ಯರವ-ಕುರುಬ ಹಾಡಿಗಳವರು, ತೋಟದ ಕೆಲಸದವರ ಸಾಲುಮನೆ, ಅಂದರೆ ಲೈನ್‌ಮನೆಯವರು ಎಲ್ಲರೂ ಇದೇ ಮೈದಾನದ ಸುತ್ತ ಇದ್ದಾರೆ.

ಲೈನ್‌ಮನೆಯಲ್ಲಿ ಬೆಳೆದ ಒಬ್ಬರಾದರೂ ಗುಂಪಿನಲ್ಲಿ ಇರುವಂತೆ ನೋಡಿಕೊಳ್ಳಿ ಅಂತ ಒತ್ತಿ ಹೇಳುತ್ತೇನೆ. ಕಾರಣ ಕಾದಂಬರಿಯ ಅಮಾತ್ ಅನ್ನುವ ಹುಡುಗ. ಊರಿನ ಬಡ ಭಾಗದಲ್ಲಿ ಇರುವವನು, ಬೇರೆ ದೇಶದಿಂದ ಅಮ್ಮನ ಜೊತೆ ಬಂದವನು. ಅಮ್ಮ ಫಾತಿಮಾ ಹಾಕಿ ಆಡುವ ಮಂಜುಗಡ್ಡೆಯ ಅಂಗಳದಲ್ಲಿ, ಅಂದರೆ ರಿಂಕ್‌ನಲ್ಲಿ, ಕಸ ಗುಡಿಸುವವಳು. ಬೇರೆ ಹುಡುಗರು ಎದ್ದೇಳುವ ಮೊದಲೇ ಇವನು ಬಂದು ಒಬ್ಬನೇ ಸ್ಕೇಟ್ ಮಾಡುತ್ತಾನೆ, ಆಮೇಲೆ ಅಮ್ಮನ ಜೊತೆ ಗ್ಯಾಲರಿಯಲ್ಲಿ ಬಿದ್ದ ಕಸ ಹೆಕ್ಕುತ್ತಾನೆ. ಅವನ ಕಾಲಿನ ವೇಗ ಊರಿಗೆ ಬೇಕು. ಅವನ ಮನೆ ಎಲ್ಲಿದೆ ಅಂತ ಊರಿಗೆ ಗೊತ್ತಿಲ್ಲ. ಮುಂದೆ ಅವನು ಕಂಡದ್ದನ್ನು ಹೇಳಬೇಕೋ ಬೇಡವೋ ಅನ್ನುವ ಘಟ್ಟ ಬಂದಾಗ ಕೆವಿನ್‌ನ ಅಪ್ಪ ದುಡ್ಡು ಹಿಡಿದು ಬರುತ್ತಾನೆ, ಅಮ್ಮನಿಗೆ ಒಳ್ಳೆ ಕೆಲಸ ಕೊಡಿಸುವ ಮಾತಾಡುತ್ತಾನೆ. ಸಾಹುಕಾರರ ಮಾತಿಗೆ ಇಲ್ಲ ಅನ್ನುವುದು ಎಷ್ಟು ಕಷ್ಟ ಅಂತ ತೋಟದ ಕೆಲಸದವರ ಮನೆಯಲ್ಲಿ ಬೆಳೆದವರು ಹೇಳಿದರೆ, ಆ ಪುಟಗಳು ನಮಗೆ ಬೇರೆಯೇ ಆಗಿ ಕಾಣುತ್ತವೆ.

ಹತ್ತಿರದ ನೆಂಟರು ಪಕ್ಕಪಕ್ಕ ಕೂರದ ಹಾಗೆ ನೋಡಿ. ನಮ್ಮಲ್ಲಿ ಎಲ್ಲರೂ ಎಲ್ಲರಿಗೂ ಏನಾದರೂ ಆಗಬೇಕು. ಹೊಸಬರನ್ನು ಕಂಡರೆ ಮೊದಲು ಕೇಳುವುದೇ "ಯಾವ ಮನೆಯವರು" ಅಂತ. ಮಾವ ಎದುರಿಗೆ ಕೂತಿದ್ದರೆ ಸೊಸೆ ಬಾಯಿ ಬಿಡುವುದಿಲ್ಲ, ಕೋಚ್ ಎದುರಿಗಿದ್ದರೆ ಹುಡುಗ ಬಾಯಿ ಬಿಡುವುದಿಲ್ಲ. ಅಪ್ಪ ಮಗಳು ಇಬ್ಬರೂ ಬರುವುದಾದರೆ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ, ಒಟ್ಟಿಗೆ ಕೂರಲು ಇಷ್ಟ ಇದೆಯಾ ಅಂತ.

ಇಂಗ್ಲಿಷ್ ಓದುವ ಅಭ್ಯಾಸ ಇಲ್ಲದವರು ಬರುತ್ತೇನೆ ಅಂದರೆ ಬಿಡಬೇಡಿ. ಚೆನ್ನಾಗಿ ಕಥೆ ಹೇಳುವ ಒಬ್ಬರನ್ನು ಅವರ ಜೊತೆ ಹಾಕಿ. ವಾರಕ್ಕೆ ಒಂದು ಸಂಜೆ ಕೂತು ಆ ಭಾಗವನ್ನು ಕನ್ನಡದಲ್ಲೋ, ಕೊಡವ ತಕ್ಕಿನಲ್ಲೋ, ಅರೆಭಾಷೆಯಲ್ಲೋ ಹೇಳಲಿ. ಕಥೆ ಕೇಳಿಸಿಕೊಂಡು ಬಂದವರು ಪುಟ ಪುಟ ಓದಿದವರಿಗಿಂತ ಗಟ್ಟಿ ಪ್ರಶ್ನೆ ಕೇಳುತ್ತಾರೆ, ಅವರಿಗೆ ಶೈಲಿಯ ಮೋಡಿ ಇಲ್ಲ, ಯಾರು ಏನು ಮಾಡಿದರು ಅನ್ನುವುದಷ್ಟೇ ಇದೆ.

ಕರೆಯುವಾಗಲೇ ಹೇಳಬೇಕಾದದ್ದು

ಪುಸ್ತಕದಲ್ಲಿ ಅತ್ಯಾಚಾರ ಇದೆ, ಅದಾದ ಮೇಲೆ ಹುಡುಗಿಯನ್ನು ಊರು ನಡೆಸಿಕೊಳ್ಳುವ ರೀತಿ ಇನ್ನೂ ಕ್ರೂರವಾಗಿದೆ. ಇದನ್ನು ಮುಚ್ಚಿಟ್ಟು "ಒಳ್ಳೆ ಹಾಕಿ ಕಾದಂಬರಿ, ಬನ್ನಿ" ಅಂತ ಕರೆಯುವುದು ತಪ್ಪು. ಪ್ರತಿಯೊಬ್ಬರಿಗೂ ಬೇರೆಯಾಗಿ, ಫೋನಿನಲ್ಲಿ ಹೇಳಿ. ಎರಡನೇ ಕೂಟಕ್ಕೆ ಬರದಿದ್ದರೂ ಯಾರೂ ಕಾರಣ ಕೇಳುವುದಿಲ್ಲ ಅಂತಲೂ ಹೇಳಿ. ಯಾರ ಬದುಕಿನಲ್ಲಿ ಏನಿದೆ ನಮಗೆ ಗೊತ್ತಿರುವುದಿಲ್ಲ.

ಹದಿನೆಂಟು ತುಂಬದವರನ್ನು ಸೇರಿಸಿಕೊಳ್ಳುವುದಾದರೆ ಮನೆಯವರಿಗೆ ತಿಳಿಸಿ, ಜೊತೆಗೆ ಒಬ್ಬ ಹೆಂಗಸು ಹೊಣೆ ಹೊತ್ತು ಇರಲಿ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಪುಸ್ತಕದ ಮಾತಿನ ನಡುವೆ ಒಂದು ಮಗು ತನ್ನ ಮಾತು ಹೇಳಿಕೊಂಡರೆ "ಇದು ನಮ್ಮ ನಮ್ಮಲ್ಲೇ ಇರಲಿ" ಅನ್ನುವ ಹಾಗಿಲ್ಲ. ಮಕ್ಕಳ ಸಹಾಯವಾಣಿ 1098, ಮಹಿಳೆಯರಿಗೆ 181, ತುರ್ತಿಗೆ 112. ಈ ನಂಬರ್‌ಗಳನ್ನು ಒಂದು ಹಾಳೆಯಲ್ಲಿ ಬರೆದು ಬಾಗಿಲ ಹತ್ತಿರ ಅಂಟಿಸಿ, ಯಾರೂ ಕೇಳದೆ ನೋಡಿಕೊಳ್ಳುವ ಹಾಗೆ.

ಐಸ್ ಹಾಕಿ ಹತ್ತು ನಿಮಿಷದಲ್ಲಿ

ನಮ್ಮ ಹಾಕಿಯ ಕಣ್ಣಿನಲ್ಲೇ ಓದಿದರೆ ಕೆಲವು ಕಡೆ ಗೊಂದಲ ಆಗುತ್ತದೆ. ಹಾಗಾಗಿ ಮೊದಲ ಕೂಟದ ಶುರುವಿಗೆ ಇಷ್ಟು ಹೇಳಿಬಿಡಿ. ನಮ್ಮದರಲ್ಲಿ ಹನ್ನೊಂದು ಜನ, ಅಲ್ಲಿ ಗೋಲ್‌ಕೀಪರ್ ಸೇರಿ ಆರು. ನಮ್ಮಲ್ಲಿ ಅಂತಾರಾಷ್ಟ್ರೀಯ ಪಂದ್ಯಕ್ಕೆ 15 ನಿಮಿಷದ ನಾಲ್ಕು ಕ್ವಾರ್ಟರ್, ಅಲ್ಲಿ 20 ನಿಮಿಷದ ಮೂರು ಪೀರಿಯಡ್. ಚೆಂಡಿನ ಬದಲು ಪಕ್ ಅನ್ನುವ ಚಪ್ಪಟೆ ರಬ್ಬರ್ ಬಿಲ್ಲೆ. ಮಂಜುಗಡ್ಡೆಯ ಅಂಗಳಕ್ಕೆ ರಿಂಕ್ ಅಂತ ಹೆಸರು, ಸುತ್ತ ಗೋಡೆ ಇರುತ್ತದೆ.

ದೊಡ್ಡ ವ್ಯತ್ಯಾಸ ಮೈಗೆ ಮೈ ತಾಗಿಸುವುದು. ಫೀಲ್ಡ್ ಹಾಕಿಯಲ್ಲಿ ಎದುರಾಳಿಯನ್ನು ತಳ್ಳಿದರೆ ಅಂಪೈರ್ ಸೀಟಿ ಊದುತ್ತಾರೆ. ಐಸ್ ಹಾಕಿಯಲ್ಲಿ ಪಕ್ ಇರುವವನನ್ನು ಭುಜದಿಂದ ಗುದ್ದಿ ಗೋಡೆಗೆ ಒತ್ತುವುದು ಆಟದ ಭಾಗ. ಎಷ್ಟು ಗುದ್ದಬಹುದು, ಯಾವಾಗ ತಪ್ಪಾಗುತ್ತದೆ ಅನ್ನುವುದಕ್ಕೂ ನಿಯಮ ಇದೆ. ಇದನ್ನು ತಿಳಿದುಕೊಂಡರೆ ಬೆಂಜಿ ಅನ್ನುವ ಹುಡುಗ ಅರ್ಥವಾಗುತ್ತಾನೆ. ಕೆವಿನ್‌ನ ಜೀವದ ಗೆಳೆಯ, ಅವನನ್ನು ರಿಂಕ್‌ನಲ್ಲಿ ಕಾಯುವುದೇ ಇವನ ಕೆಲಸ. ತಾನು ಪೆಟ್ಟು ತಿಂದು, ಪೆಟ್ಟು ಕೊಟ್ಟು ಗೆಳೆಯನಿಗೆ ದಾರಿ ಬಿಡಿಸುವವನು. ಅವನ ಮನಸ್ಸಿನಲ್ಲಿ ಯಾರಿಗೂ ಹೇಳದ ಮಾತು ಒಂದಿದೆ, ಅದನ್ನು ಓದುಗರೇ ಕಂಡುಕೊಳ್ಳಲಿ.

ಮ್ಯಾಚ್‌ನ ವಿವರ ಅರ್ಥವಾಗದಿದ್ದರೂ ಪರವಾಗಿಲ್ಲ ಅಂತ ಆಟ ಗೊತ್ತಿಲ್ಲದವರಿಗೆ ಧೈರ್ಯ ಹೇಳಿ. ಸ್ಕೋರ್ ಎಷ್ಟು ಅನ್ನುವುದಕ್ಕಿಂತ ಗ್ಯಾಲರಿಯಲ್ಲಿ ಕೂತವರ ಮುಖದ ಮೇಲೆಯೇ ಲೇಖಕರ ಕಣ್ಣು ಜಾಸ್ತಿ ಇದೆ.

ಓದುವಾಗ ಕೈಯಲ್ಲಿ ಪೆನ್ಸಿಲ್

ಪಾತ್ರಗಳು ತುಂಬ ಇವೆ, ಶುರುವಿನಲ್ಲಿ ತಲೆ ಕೆಡುತ್ತದೆ. ಪುಸ್ತಕದ ಹಿಂದಿನ ಖಾಲಿ ಹಾಳೆಯಲ್ಲಿ ಹೆಸರು, ಯಾರ ಮನೆ, ಕ್ಲಬ್ಬಿಗೆ ಏನಾಗಬೇಕು ಅಂತ ಬರೆದುಕೊಳ್ಳಲು ಹೇಳಿ. ಪೀಟರ್ ಒಂದು ಕಾಲಕ್ಕೆ ಅಮೆರಿಕ-ಕೆನಡಾದ ದೊಡ್ಡ ಲೀಗ್ ತನಕ ಹೋದ ಆಟಗಾರ, ಅವನ ಹೆಂಡತಿ ಕೀರಾ ವಕೀಲೆ, ಹಾಕಿ ಊರಿನಲ್ಲಿ ಹಾಕಿಯನ್ನು ಪೂಜಿಸದ ಹೆಂಗಸು. ಸೂನೆ ದೊಡ್ಡವರ ತಂಡದ ಹಳೆ ಕೋಚ್, ಡೇವಿಡ್ ಜೂನಿಯರ್ ತಂಡದ ಕೋಚ್. ರಮೋನಾ ಊರಿನ ಪಬ್ ನಡೆಸುವ ಮುದುಕಿ. ಇಷ್ಟು ಜನ ಹಿಡಿತಕ್ಕೆ ಸಿಕ್ಕಿದರೆ ಮಿಕ್ಕವರು ತಾವಾಗಿಯೇ ಸೇರಿಕೊಳ್ಳುತ್ತಾರೆ.

ಪ್ರತಿಯೊಬ್ಬರಿಗೂ ಒಂದು ಪಾತ್ರ ಹಂಚಿ, ಆದರೆ ಅವರಿಗೆ ಹತ್ತಿರ ಅನ್ನಿಸುವ ಪಾತ್ರ ಬೇಡ. ಕೋಚ್ ಆದವರಿಗೆ ಫಾತಿಮಾ ಕೊಡಿ. ಹುಡುಗಿಯರಿಗೆ ಡೇವಿಡ್ ಕೊಡಿ. ಮಗನನ್ನು ಹಾಕಿಗೆ ಕಳಿಸುವ ಅಪ್ಪನಿಗೆ ಮಾಯಾಳ ಗೆಳತಿ ಆನಾಳನ್ನು ಕೊಡಿ. ಆ ಪಾತ್ರ ಎಲ್ಲಿ ಮಾತಾಡಿತು, ಎಲ್ಲಿ ಮಾತಾಡಬೇಕಿತ್ತು ಆದರೆ ಬಾಯಿ ಮುಚ್ಚಿಕೊಂಡಿತು ಅಂತ ಅಂಚಿನಲ್ಲಿ ಗುರುತು ಹಾಕಿಕೊಂಡು ಬರಲಿ. ಇದೊಂದು ಕೆಲಸ ಮಾಡಿದರೆ ಅರ್ಧ ಚರ್ಚೆ ತಾನಾಗಿಯೇ ನಡೆಯುತ್ತದೆ.

ಮೊದಲ ಕೂಟ: 'ನಮ್ಮೂರೇ' ಅನ್ನುವ ಮಾತನ್ನು ಬಿಡಿಸೋದು

ಆಡದೇ ಇದ್ದವರಿಂದ ಶುರು ಮಾಡಿ. ಇದು ನಿಯಮ ಅಂತಲೇ ಇಟ್ಟುಕೊಳ್ಳಿ. ಮೈದಾನಕ್ಕೆ ಇಳಿಯದವರು ಒಬ್ಬೊಬ್ಬರಾಗಿ ಎರಡೆರಡು ನಿಮಿಷ ಮಾತಾಡಿದ ಮೇಲೆಯೇ ಆಟಗಾರರ ಸರದಿ. ಮೊದಲು ಆಟಗಾರರು ಬಾಯಿ ತೆರೆದರೆ ಮಾತು ಸೀದಾ ಯಾವ ವರ್ಷದ ಯಾವ ಫೈನಲ್‌ನಲ್ಲಿ ಏನಾಯ್ತು ಅನ್ನುವುದಕ್ಕೆ ಹೋಗುತ್ತದೆ, ಮತ್ತೆ ವಾಪಸ್ ಬರುವುದು ಕಷ್ಟ.

ಆಮೇಲೆ 'ನಮ್ಮೂರೇ' ಅನ್ನುವುದನ್ನು ಕೈಗೆ ತೆಗೆದುಕೊಳ್ಳಿ. ಬೋರ್ಡ್ ಇದ್ದರೆ ನಡುವೆ ಗೆರೆ ಎಳೆದು, ಒಂದು ಕಡೆ ಬೇರ್‌ಟೌನ್, ಇನ್ನೊಂದು ಕಡೆ ಕೊಡಗು. ಎಲ್ಲಿ ಹೋಲುತ್ತದೆ ಅನ್ನುವುದು ಬೇಗ ತುಂಬುತ್ತದೆ: ಕಾಡು, ಚಳಿ, ಬೇಟೆಯ ಕಥೆ, ಕೋವಿ, ಎಲ್ಲರಿಗೂ ಎಲ್ಲರ ವಿಷಯ ಗೊತ್ತಿರುವುದು, ಹುಡುಗರು ಕೆಲಸಕ್ಕೆ ಊರು ಬಿಡುವುದು. ಎಲ್ಲಿ ಹೋಲುವುದಿಲ್ಲ ಅನ್ನುವುದಕ್ಕೆ ಜಾಸ್ತಿ ಹೊತ್ತು ಕೊಡಿ.

ನಮ್ಮ ಕುಟುಂಬ ಹಾಕಿಯನ್ನೇ ತೆಗೆದುಕೊಳ್ಳಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದಾಗ 60 ಮನೆತನದ ತಂಡಗಳು ಬಂದಿದ್ದವು. 2024ರಲ್ಲಿ ನಾಪೋಕ್ಲಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ಗೆ 360 ತಂಡ, ಅದು ಗಿನ್ನೆಸ್ ದಾಖಲೆಯೂ ಆಯ್ತು. ಪ್ರತಿ ವರ್ಷ ಒಂದೊಂದು ಮನೆತನ ಹೊಣೆ ಹೊರುತ್ತದೆ, ಕಪ್‌ಗೂ ಅದೇ ಮನೆಹೆಸರು. ಒಂದೇ ತಂಡದಲ್ಲಿ ಅಜ್ಜ, ಮೊಮ್ಮಗ, ಚಿಕ್ಕಮ್ಮ ಮೂವರೂ ಸ್ಟಿಕ್ ಹಿಡಿದು ನಿಂತದ್ದನ್ನು ನಾವೆಲ್ಲ ನೋಡಿದ್ದೇವೆ. ಬೇರ್‌ಟೌನ್‌ನಲ್ಲಿ ಅದಿಲ್ಲ. ಅಲ್ಲಿ ಒಂದೇ ಕ್ಲಬ್, ಒಂದೇ ತಂಡ, ಅದರಲ್ಲಿ ಒಬ್ಬನೇ ಸ್ಟಾರ್. ಅವನು ಬಿದ್ದರೆ ಊರು ಬಿದ್ದ ಹಾಗೆ. ಹೆಂಗಸರಿಗೆ ಅಲ್ಲಿ ಗ್ಯಾಲರಿ, ಅಡಿಗೆಮನೆ, ಲಾಂಡ್ರಿ ಅಷ್ಟೇ. ಈ ವ್ಯತ್ಯಾಸದ ಬಗ್ಗೆ ನಮಗೆ ಹೆಮ್ಮೆ ಪಡುವ ಹಕ್ಕಿದೆ.

ಹಾಗಂತ ಅಲ್ಲಿಗೇ ನಿಲ್ಲಿಸಬೇಡಿ. ಮನೆತನದ ತಂಡ ಇಲ್ಲದವರಿಗೆ ಆ ಒಂದು ತಿಂಗಳು ಏನನ್ನಿಸುತ್ತದೆ ಅಂತ ಕೇಳಿ. ಮನೆತನದ ಹೆಸರೇ ತಂಡದ ಹೆಸರಾದಾಗ, ಆ ಮನೆಯ ಹುಡುಗನೊಬ್ಬ ತಪ್ಪು ಮಾಡಿದರೆ ಅದನ್ನು ಹೇಳುವುದು ಸುಲಭವಾ ಕಷ್ಟವಾ ಅಂತ ಕೇಳಿ. ಉತ್ತರಕ್ಕೆ ಅವಸರ ಮಾಡಬೇಡಿ, ಸ್ವಲ್ಪ ಹೊತ್ತು ಯಾರೂ ಮಾತಾಡದಿದ್ದರೂ ಬಿಡಿ.

ಎರಡನೇ ಕೂಟ: ಕಷ್ಟದ ಮಾತು

ಇಲ್ಲಿ ನಡೆಸಿಕೊಡುವವರು ಇಬ್ಬರಿರಲಿ, ಒಬ್ಬರು ಹೆಂಗಸು. ಶುರುವಿಗೇ ಎರಡು ಕಟ್ಟುಪಾಡು ಹೇಳಿ. ಊರಿನ ನಿಜವಾದ ಯಾವ ಪ್ರಕರಣವನ್ನೂ ಹೆಸರು ಹಿಡಿದು ತರಬಾರದು. ಇಲ್ಲಿ ಕೇಳಿದ್ದನ್ನು ವಾಟ್ಸಾಪ್ ಗ್ರೂಪ್‌ಗೆ ಹಾಕಬಾರದು. ಸಂತ್ರಸ್ತೆಯ ಹೆಸರು, ಗುರುತು ಪ್ರಕಟಿಸುವುದು ನಮ್ಮ ಕಾನೂನಿನಲ್ಲಿ ಅಪರಾಧ. ಸಣ್ಣ ಊರಿನಲ್ಲಿ ಹೆಸರೇ ಬೇಕಾಗಿಲ್ಲ, "ಆ ಕಡೆ ರಸ್ತೆ ಮನೆಯ ಹುಡುಗಿ" ಅಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ.

ಮಾಯಾ ತಂದೆತಾಯಿಗೆ ವಿಷಯ ಹೇಳುವುದು ಸುಮಾರು ಒಂದು ವಾರ ಕಳೆದ ಮೇಲೆ. ಪೊಲೀಸರು ಕೆವಿನ್‌ನನ್ನು ಕರೆದುಕೊಂಡು ಹೋಗುವುದು ಫೈನಲ್‌ಗೆ ತಂಡ ಹೊರಟ ದಿನ. ಇಲ್ಲಿ ಗುಂಪಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: "ಮೊದಲೇ ಹೇಳಬಹುದಿತ್ತಲ್ವಾ? ಅದೇ ದಿನ ಯಾಕೆ?" ಆಗ ಅವರ ಮೇಲೆ ಬೀಳಬೇಡಿ. ಪುಸ್ತಕ ತೆಗೆಯಿರಿ. ಆ ವಾರದಲ್ಲಿ ಮಾಯಾಳ ಸುತ್ತ ಯಾರು ಯಾರು ಏನೇನು ಮಾತಾಡಿಕೊಂಡಿದ್ದರು, ಮನೆಯಲ್ಲಿ ಏನು ನಡೆಯುತ್ತಿತ್ತು, ಶಾಲೆಯಲ್ಲಿ ಏನು, ಅಂತ ಎಲ್ಲರೂ ಸೇರಿ ಹುಡುಕಿ ಓದಿ. ಅವಳು ಹೇಳಿದರೆ ಅಪ್ಪನ ಕೆಲಸ, ಊರಿನ ಆಸೆ, ಗೆಳೆಯರ ಕನಸು ಎಲ್ಲ ಒಟ್ಟಿಗೆ ಮುಗಿಯುತ್ತದೆ ಅನ್ನುವುದು ಹದಿನೈದರ ಹುಡುಗಿಗೆ ಗೊತ್ತಿದೆ. ಅದು ಗೊತ್ತಾಗುವ ಹಾಗೆ ಊರೇ ಅವಳನ್ನು ಬೆಳೆಸಿದೆ. ಪ್ರಶ್ನೆ ಕೇಳಿದವರು ಆ ಪುಟಗಳನ್ನು ತಾವೇ ಗಟ್ಟಿಯಾಗಿ ಓದಿದರೆ ಬೇರೆ ಉಪದೇಶ ಬೇಕಾಗುವುದಿಲ್ಲ.

ಇನ್ನೊಂದು ಮಾತು ಬರುತ್ತದೆ, "ಒಳ್ಳೆ ಹುಡುಗ, ಒಂದು ತಪ್ಪಿಗೆ ಭವಿಷ್ಯ ಹಾಳಾಯ್ತು" ಅಂತ. ಕಾದಂಬರಿಯ ಊರಿನವರೂ ಇದನ್ನೇ ಹೇಳುತ್ತಾರೆ. ಆಗ ನೀವು ಕೇಳಬೇಕಾದ್ದು ಒಂದೇ: ಈ ವಾಕ್ಯದಲ್ಲಿ ಮಾಯಾ ಎಲ್ಲಿದ್ದಾಳೆ? ಕೇಳಿ ಸುಮ್ಮನಾಗಿ.

ಈ ಭಾಗಕ್ಕೆ ಗಂಡಸರು ಹೇಗೆ ಸ್ಪಂದಿಸುತ್ತಾರೆ ಅನ್ನುವುದರ ಬಗ್ಗೆ ನನಗೆ ತುಂಬ ಕಾಳಜಿ ಇದೆ. ಅಪ್ಪಂದಿರು ಕೋಪ ಮಾಡಿಕೊಳ್ಳುತ್ತಾರೆ, "ನಾನಾಗಿದ್ದರೆ ಅವನನ್ನು ಬಿಡುತ್ತಿರಲಿಲ್ಲ" ಅನ್ನುತ್ತಾರೆ. ಕೋಪ ಒಳ್ಳೆಯದೇ, ಆದರೆ ಪೀಟರ್‌ಗೂ ಕೋಪ ಇತ್ತು. ಮಗಳಿಗೆ ಬೇಕಾಗಿದ್ದು ಅದೇನಾ ಅಂತ ಮಾತು ಮುಂದುವರಿಸಿ. ಕೋವಿ ಮನೆಯಲ್ಲೇ ಇರುವ ನಾಡಿನಲ್ಲಿ ಈ ಪ್ರಶ್ನೆ ಇನ್ನೂ ಹತ್ತಿರದ್ದು.

ಸಾಮಾನ್ಯವಾಗಿ ಬರುವ ಅಭಿಪ್ರಾಯಗಳು, ಅವುಗಳನ್ನು ಮುಂದಕ್ಕೆ ಒಯ್ಯೋದು

"ಶುರು ತುಂಬ ನಿಧಾನ." ಇದನ್ನು ಬಹಳ ಜನ ಹೇಳುತ್ತಾರೆ. ನಿಜ, ನಿಧಾನವೇ. ನನ್ನ ಮಟ್ಟಿಗೆ ಆ ನಿಧಾನ ಬೇಕೇ ಬೇಕು. ಬೆಳಗಿನ ಜಾವ ಮನೆಯ ಅಂಗಳದಲ್ಲಿ ಒಬ್ಬ ಹುಡುಗ ಪಕ್ ಹೊಡೆಯುವ ಸದ್ದು, ಬ್ಯಾಂಗ್ ಬ್ಯಾಂಗ್ ಅಂತ, ಊರಿಗೆಲ್ಲ ಕೇಳುತ್ತದೆ, ಮೊದಮೊದಲು ಅದು ಕಿವಿಗೆ ಹಿತ. ಅದೇ ಸದ್ದು ಆಮೇಲೆ ಬೇರೆ ಆಗುತ್ತದೆ. ನಿಧಾನ ಅಂದವರನ್ನು ಕೇಳಿ, ಯಾವ ಪುಟದಲ್ಲಿ ನಿಮಗೆ ಓದು ಬಿಡಲಾಗಲಿಲ್ಲ ಅಂತ. ಪ್ರತಿಯೊಬ್ಬರ ಪುಟ ಬೇರೆ ಇರುತ್ತದೆ, ಯಾಕೆ ಬೇರೆ ಅನ್ನುವುದೇ ಒಳ್ಳೆಯ ಮಾತುಕತೆ.

"ಲೇಖಕರು ನಡುನಡುವೆ ಬಂದು ನೀತಿ ಹೇಳುತ್ತಾರೆ." ಇದನ್ನು ನಾನೂ ಒಪ್ಪುತ್ತೇನೆ. ಗೆರೆ ಎಳೆದು ಗೋಡೆಗೆ ಹಾಕುವಂಥ ಮಾತುಗಳು ಜಾಸ್ತಿ ಇವೆ, ಕೆಲವನ್ನು ತೆಗೆದಿದ್ದರೆ ಪುಸ್ತಕ ಇನ್ನೂ ಗಟ್ಟಿಯಾಗುತ್ತಿತ್ತು. ಗುಂಪಿಗೆ ಒಂದು ಕೆಲಸ ಕೊಡಿ: ನಿಜವಾಗಿ ತಾಗಿದ ಒಂದು ಮಾತು, ಬೇಡವಾಗಿತ್ತು ಅನ್ನಿಸಿದ ಒಂದು ಮಾತು ಗುರುತಿಸಿ ತರಲಿ. ಒಬ್ಬರಿಗೆ ತಾಗಿದ್ದೇ ಇನ್ನೊಬ್ಬರಿಗೆ ಬೇಡವಾಗಿರುತ್ತದೆ.

"ಆಟವನ್ನು ಕೆಟ್ಟದಾಗಿ ತೋರಿಸಿದ್ದಾರೆ." ಆಡಿ ಬೆಳೆದವರಿಗೆ ಈ ನೋವು ಆಗುವುದು ಸಹಜ, ಅದನ್ನು ಗೌರವದಿಂದ ಕೇಳಿ. ಆಟ ಅಮಾತ್‌ಗೆ ಏನು ಕೊಟ್ಟಿತು, ಪೀಟರ್‌ನನ್ನು ಯಾವ ದುಃಖದಿಂದ ಎತ್ತಿತು ಅನ್ನುವುದೂ ಇದೇ ಪುಸ್ತಕದಲ್ಲಿದೆ. ಆಟವನ್ನು ಪ್ರೀತಿಸದವರು ಬರೆದ ಪುಸ್ತಕ ಇದಲ್ಲ ಅಂತ ನಾನು ನಂಬಿದ್ದೇನೆ. ಪ್ರೀತಿಸುವವರು ಆಟವನ್ನು ಪ್ರಶ್ನೆ ಕೇಳಬಾರದು ಅಂತ ಎಲ್ಲೂ ಇಲ್ಲವಲ್ಲ.

"ಕೀರಾ ಸರಿ ಅನ್ನಿಸಲಿಲ್ಲ, ಯಾವಾಗಲೂ ಕೆಲಸ ಕೆಲಸ ಅಂತಾಳೆ." ಇದು ಬಂದರೆ ಪೀಟರ್ ಎಷ್ಟು ಹೊತ್ತು ಮನೆಯಲ್ಲಿರುತ್ತಾನೆ ಅಂತ ಎಣಿಸಿ ನೋಡಲು ಹೇಳಿ. ಅಷ್ಟೇ ಸಾಕು.

ಮೂರನೇ ಕೂಟ ಮತ್ತು ಬರೆದಿಡೋದು

ಕೊನೆಯ ಭಾಗಕ್ಕೆ ಕ್ಲಬ್ಬಿನ ಸಭೆಯನ್ನು ನಡುವೆ ಇಟ್ಟುಕೊಳ್ಳಿ. ಪೀಟರ್ ಇರಬೇಕಾ ಹೋಗಬೇಕಾ ಅಂತ ಊರು ಮತ ಹಾಕುವ ಸಭೆ ಅದು. ಓಟು ಹಾಕಲು ಬಂದವರಲ್ಲಿ ಕೆಟ್ಟವರು ಅಂತ ಬೆರಳು ತೋರಿಸುವಂಥವರು ಕಡಿಮೆ. ಸಾಲ ಇರುವವರು, ಸ್ಪಾನ್ಸರ್ ಕಂಪನಿಯಲ್ಲಿ ಕೆಲಸ ಮಾಡುವವರು, ಮಗ ತಂಡದಲ್ಲಿ ಇರುವವರು, ಅಷ್ಟೇ. ನಮ್ಮಲ್ಲಿ ಸಂಘ, ಕ್ಲಬ್, ದೇವಸ್ಥಾನ ಸಮಿತಿ ಅಂತ ಮಹಾಸಭೆಗೆ ಹೋಗಿ ಕೂತವರಿಗೆ ಆ ಹಾಲ್‌ನ ಗಾಳಿ ಚೆನ್ನಾಗಿ ಗೊತ್ತು. ಅಲ್ಲಿ ನೀವಿದ್ದರೆ ಯಾವ ಸಾಲಿನಲ್ಲಿ ಕೂತಿರುತ್ತಿದ್ದಿರಿ ಅಂತ ಎಲ್ಲರೂ ಒಂದು ಚೀಟಿಯಲ್ಲಿ ಹೆಸರಿಲ್ಲದೆ ಬರೆದು ಹಾಕಲಿ, ಆಮೇಲೆ ಓದಿ. ಕೈ ಎತ್ತಿಸಿದರೆ ಎಲ್ಲರೂ ಮಾಯಾಳ ಪಕ್ಕವೇ ಎತ್ತುತ್ತಾರೆ. ಚೀಟಿಯಲ್ಲಿ ನಿಜ ಬರುತ್ತದೆ.

ಅಭಿಪ್ರಾಯ ಬರೆಸುವಾಗ ಐದಕ್ಕೆ ಎಷ್ಟು ಸ್ಟಾರ್ ಅಂತ ಕೇಳಬೇಡಿ, ಅದರಿಂದ ಏನೂ ತಿಳಿಯುವುದಿಲ್ಲ. ಆರೇಳು ಸಾಲು ಸಾಕು. ಓದುವ ಮೊದಲು ಏನಂದುಕೊಂಡಿದ್ದಿರಿ, ಯಾರ ಮೇಲಿನ ಅಭಿಪ್ರಾಯ ನಡುವೆ ಬದಲಾಯ್ತು, ಯಾವ ಪುಟ ಒಪ್ಪಿಗೆ ಆಗಲಿಲ್ಲ, ಇದನ್ನು ಯಾರ ಕೈಗೆ ಕೊಡುತ್ತೀರಿ ಮತ್ತು ಯಾಕೆ. ಕೊನೆಯ ಪ್ರಶ್ನೆಗೆ ಬರುವ ಉತ್ತರ ತುಂಬ ಹೇಳುತ್ತದೆ. "ನಮ್ಮ ಹುಡುಗರ ಕೋಚ್‌ಗೆ" ಅಂತ ಒಬ್ಬ ತಾಯಿ ಬರೆದರೆ ಅದಕ್ಕಿಂತ ದೊಡ್ಡ ವಿಮರ್ಶೆ ಬೇಕಾಗಿಲ್ಲ. ಬರೆಯಲು ಬಾರದವರದ್ದನ್ನು ಕೇಳಿ ಬರೆದುಕೊಳ್ಳಿ, ಅವರದೇ ಮಾತಿನಲ್ಲಿ, ತಿದ್ದಬೇಡಿ. ಹೆಸರು ಹಾಕುವುದು ಅವರವರ ಇಷ್ಟ.

ಹಾಳೆಗಳನ್ನು ಒಂದು ಫೈಲ್‌ನಲ್ಲಿ ಸೇರಿಸಿ, ಎರಡನೇ ಕೂಟದ ಮಾತು ಅದರಲ್ಲಿ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಪುಸ್ತಕದ ಜೊತೆಯೇ ಗ್ರಂಥಾಲಯಕ್ಕೆ ಕೊಡಿ. ಮಳೆಗಾಲದಲ್ಲಿ ಹಾಳೆಗೆ ಬೂಸ್ಟು ಹಿಡಿಯುತ್ತದೆ, ಪ್ಲಾಸ್ಟಿಕ್ ಕವರ್ ಹಾಕಿ.

ಎರಡನೇ ಭಾಗವನ್ನು ಕೂಡಲೇ ಶುರು ಮಾಡಬೇಕಾ ಅಂತ ಕೇಳುತ್ತಾರೆ. ಬೇಡ ಅನ್ನುವುದು ನನ್ನ ಸಲಹೆ. ಮುಂದಿನ ಭಾಗ ಅದೇ ಊರಿನ ಗಾಯದಿಂದಲೇ ಶುರುವಾಗುತ್ತದೆ, ಈ ಸಲ ಜಗಳ ಪಕ್ಕದ ಊರಿನ ತನಕ ಹೋಗುತ್ತದೆ. ನಡುವೆ ಒಂದು ಕುಯ್ಲಿನ ಕಾಲ ಹೋಗಲಿ. ಅಷ್ಟರಲ್ಲಿ ಗುಂಪಿನ ಹುಡುಗಿಯರಲ್ಲಿ ಯಾರಾದರೂ ನಡೆಸಿಕೊಡಲು ಮುಂದೆ ಬಂದರೆ ಮುಂದಿನ ಸಲ ಅವರ ಕೈಗೆ ಕೊಡಿ, ನೀವು ಜಗಲಿಯ ತುದಿಯಲ್ಲಿ ಕೂತು ಕೇಳಿ.